ಕ್ರೋನ್ಸ್ ಕಾಯಿಲೆಗೆ ಎಂಆರ್‌ಐ ಒಳ್ಳೆಯದೋ, ಸಿಟಿ ಸ್ಕ್ಯಾನೋ?

ಸಣ್ಣ ಕರುಳಿನ ಉರಿಯೂತ ನೋಡಲು ವೈದ್ಯರು ಎರಡನ್ನೂ ಸೂಚಿಸಿದ್ದರೆ, ಮೊದಲು ರೋಗಿಯ ವಯಸ್ಸನ್ನು ಗಮನಿಸಿ. ಕ್ರೋನ್ಸ್ ಎಂದರೆ ಕರುಳಿನಲ್ಲಿ ಉರಿಯೂತ ತರುವ, ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಶುರುವಾಗಿ ಜೀವನಪೂರ್ತಿ ಜೊತೆಗಿರುವ ಕಾಯಿಲೆ. ಸ್ಕ್ಯಾನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸಿಟಿಯಲ್ಲಿ ಪ್ರತಿ ಸಲವೂ ವಿಕಿರಣ ಮೈಗೆ ತಾಗುತ್ತದೆ, ಎಂಆರ್‌ಐಯಲ್ಲಿ ಅದು ಇಲ್ಲವೇ ಇಲ್ಲ. ಮಕ್ಕಳು ಮತ್ತು ಯುವಕರ ವಿಷಯದಲ್ಲಿ ನನಗೆ ಇದೊಂದೇ ಕಾರಣ ಸಾಕು.

ಹಾಗೆಂದು ಎಂಆರ್‌ಐ ಸಲೀಸಲ್ಲ. ನಾಲ್ಕೈದು ಗಂಟೆ ಹಸಿದ ಹೊಟ್ಟೆಗೆ, ಮುಕ್ಕಾಲು ಗಂಟೆಯೊಳಗೆ ಸುಮಾರು 1ರಿಂದ 1.5 ಲೀಟರ್ ಮ್ಯಾನಿಟಾಲ್‌ನಂಥ ಸಿಹಿ ದ್ರಾವಣ ಇಳಿಸಬೇಕು. ಮುದುಡಿದ ಕರುಳು ಅರಳಿದರೆ ಮಾತ್ರ ಗೋಡೆಯ ದಪ್ಪ ತಿಳಿಯುತ್ತದೆ. 3 ಮಿಲಿಮೀಟರ್ ದಾಟಿದರೆ ಉರಿಯೂತದ ಅನುಮಾನ. ಕೊನೆಯ ಲೋಟ ಕಷ್ಟ, ಆಮೇಲೆ ಭೇದಿಯೂ ಆಗಬಹುದು, ಶೌಚಾಲಯ ಹತ್ತಿರವಿರಲಿ. ಸಿಟಿ ಎಂಟರೋಗ್ರಫಿಗೂ (ಸಣ್ಣ ಕರುಳಿನ ಸಿಟಿ ಸ್ಕ್ಯಾನ್) ಇಂಥ ದ್ರಾವಣ ಕುಡಿಯಬೇಕು. ಆದರೆ ಅಲ್ಲಿ ಚಿತ್ರ ತೆಗೆಯುವುದು ಕೆಲವೇ ಸೆಕೆಂಡುಗಳ ಕೆಲಸ. ಎಂಆರ್‌ಐಯಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು, ಸದ್ದಿನ ನಡುವೆ ಉಸಿರು ಬಿಗಿಹಿಡಿದು ಅಲುಗಾಡದೆ ಮಲಗಬೇಕು.

ಹಠಾತ್ತನೆ ವಿಪರೀತ ಹೊಟ್ಟೆನೋವು, ಜ್ವರ ಬಂದು ಕರುಳು ತೂತಾಗಿರುವ ಶಂಕೆಯಿದ್ದರೆ ಚರ್ಚೆಯೇ ಬೇಡ, ಸಿಟಿ. ಗುದದ್ವಾರದ ಸುತ್ತ ಫಿಸ್ಟುಲಾ (ಕರುಳಿನಿಂದ ಚರ್ಮದತ್ತ ಕೊರೆದುಕೊಂಡ ಅಸಹಜ ಸುರಂಗ) ಇದ್ದರೆ ಆ ಭಾಗದ ಎಂಆರ್‌ಐಯೇ ಬೇಕು. ಸ್ನಾಯುಗಳ ನಡುವೆ ಅದು ಹಾದುಹೋದ ದಾರಿಯನ್ನು ಸಿಟಿ ಅಷ್ಟು ಸ್ಪಷ್ಟವಾಗಿ ತೋರಿಸದು. ಇವೆರಡೂ ಕೊಲೊನೋಸ್ಕೋಪಿಗೆ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಬದಲಿಯಲ್ಲ; ಬಯಾಪ್ಸಿಗೆ ಚೂರು ತೆಗೆಯಲು ಅದೇ ಬೇಕು.

ಪೇಸ್‌ಮೇಕರ್, ಮೂತ್ರಪಿಂಡದ ತೊಂದರೆ ಅಥವಾ ಗರ್ಭ ಇದ್ದರೆ ದಿನಾಂಕ ಗೊತ್ತುಮಾಡುವಾಗಲೇ ಹೇಳಿಬಿಡಿ.