ಗುಡ್‌ರೀಡ್ಸ್ ಸ್ಟಾರ್ ನೋಡಿ ಕನ್ನಡ ಪುಸ್ತಕ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಟ್ಟು ಅಭಿಪ್ರಾಯ ಬರೆಯುವ ತಾಣ ಗುಡ್‌ರೀಡ್ಸ್. ಓದಿದ್ದನ್ನು ಬರೆದಿಡಲು ಅದು ತುಂಬಾ ಒಳ್ಳೆಯದು. ಬೇರೆಯವರು ಏನು ಬರೆದಿದ್ದಾರೆ ಅಂತ ಓದಲೂ ಒಳ್ಳೆಯದು. ಆದರೆ ಅಲ್ಲಿ ಕಾಣುವ ಸ್ಟಾರ್ ಒಂದನ್ನೇ ನಂಬಿ ಕನ್ನಡ ಪುಸ್ತಕಕ್ಕೆ ದುಡ್ಡು ಕೊಡಬೇಡಿ, ಅದನ್ನೇ ನಂಬಿ ಕೈಯಲ್ಲಿರುವ ಪುಸ್ತಕವನ್ನು ವಾಪಸ್ ಇಡಲೂ ಬೇಡಿ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಏಕೆಂದರೆ ಬೆಂಗಳೂರಿನಲ್ಲಿ ನನಗೆ ಗೊತ್ತಿರುವ ಹೊಸ ಓದುಗರಲ್ಲಿ, ಅದರಲ್ಲೂ ಈಗಷ್ಟೇ ಕೆಲಸಕ್ಕೆ ಸೇರಿ ಸಂಬಳದಲ್ಲಿ ಪುಸ್ತಕಕ್ಕೂ ಒಂದಿಷ್ಟು ಎತ್ತಿಡುವ ಹುಡುಗ ಹುಡುಗಿಯರಲ್ಲಿ, ಅಂಗಡಿಯಲ್ಲಿ ನಿಂತಲ್ಲೇ ಫೋನ್ ತೆಗೆದು ರೇಟಿಂಗ್ ನೋಡಿ, 3.6 ಇದೆ ಅಂತ ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸುವವರು ಜಾಸ್ತಿ ಆಗಿದ್ದಾರೆ. ನೋಡಿದಾಗ ಸಂಕಟವಾಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗುಡ್‌ರೀಡ್ಸ್ 2007ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 2013ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅದಕ್ಕೂ ಮುಂಚೆ 2008ರಲ್ಲಿ ಶೆಲ್ಫಾರಿ ಅನ್ನುವ ಇನ್ನೊಂದು ಓದುಗರ ತಾಣವನ್ನೂ ಕೊಂಡಿತ್ತು, 2016ರಲ್ಲಿ ಅದನ್ನು ಮುಚ್ಚಿ ಗುಡ್‌ರೀಡ್ಸ್ ಜೊತೆ ಸೇರಿಸಿತು. ಅಂದರೆ ಪುಸ್ತಕ ಮಾರುವವರೇ ಓದುಗರು ಮಾತಾಡುವ ಜಾಗಕ್ಕೂ ಮಾಲೀಕರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಓದಬೇಕಾದ ಪುಸ್ತಕಗಳ ಪಟ್ಟಿ ಸದಾ ಜೇಬಿನಲ್ಲಿರುತ್ತದೆ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ಸ್ ಅಥವಾ ಬುಕ್‌ವರ್ಮ್‌ಗೆ ಹೋದಾಗ ಆ್ಯಪ್‌ನಲ್ಲೇ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಇಂಗ್ಲಿಷ್ ಪುಸ್ತಕದ ಪುಟ ತೆರೆದುಕೊಳ್ಳುತ್ತದೆ, ಇದನ್ನು ಮೊದಲೇ ಓದಿದ್ದೇನಾ, ಯಾರಾದರೂ ಗೆಳೆಯರು ಓದಿದ್ದಾರಾ ಅಂತ ತಕ್ಷಣ ಗೊತ್ತಾಗುತ್ತದೆ. ವರ್ಷಕ್ಕೆ ಇಷ್ಟು ಓದುತ್ತೇನೆ ಅಂತ ಗುರಿ ಇಟ್ಟುಕೊಳ್ಳಬಹುದು. ಹತ್ತು ವರ್ಷದ ಹಿಂದೆ ಓದಿದ ಕಾದಂಬರಿ ಬಗ್ಗೆ ಆಗ ಏನನ್ನಿಸಿತ್ತು ಅಂತ ಈಗ ಓದುವುದು ನಿಜಕ್ಕೂ ದೊಡ್ಡ ಸುಖ. ಇಷ್ಟಕ್ಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ.

ಕನ್ನಡಕ್ಕೆ ಬಂದಾಗ ತೊಡಕು ಶುರು. ಅವೆನ್ಯೂ ರೋಡ್‌ನಲ್ಲಿ ಸಿಗುವ ಹಳೆಯ ಮುದ್ರಣಗಳಿಗೆ ಬಾರ್‌ಕೋಡೇ ಇರುವುದಿಲ್ಲ, ಸ್ಕ್ಯಾನ್ ಮಾಡುವುದು ಏನನ್ನು? ಹೆಸರು ಟೈಪ್ ಮಾಡಿ ಹುಡುಕಬೇಕು. ಕೆಲವು ಪುಸ್ತಕ ಕನ್ನಡ ಲಿಪಿಯಲ್ಲಿವೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ, ಕೆಲವು ಎರಡರಲ್ಲೂ. ಒಂದೇ ಪುಸ್ತಕ ಎರಡು ಕಡೆ ಬೇರೆ ಬೇರೆಯಾಗಿ ಕೂತಿದ್ದರೆ ರೇಟಿಂಗ್ ಕೂಡ ಒಡೆದುಹೋಗುತ್ತದೆ.

ಇನ್ನು ಆ ಸ್ಟಾರ್ ವಿಷಯ. ಅಲ್ಲಿ ಅರ್ಧ ಸ್ಟಾರ್ ಇಲ್ಲ. ಒಂದರಿಂದ ಐದು, ಅಷ್ಟೇ. ಗುಡ್‌ರೀಡ್ಸ್ ಪ್ರಕಾರ ಎರಡು ಸ್ಟಾರ್ ಅಂದರೆ ‘ಪರವಾಗಿಲ್ಲ’, ಮೂರು ಅಂದರೆ ‘ಇಷ್ಟವಾಯಿತು’. ಆದರೆ ನಾವು ದಿನಾ ಊಟ ತಂದುಕೊಟ್ಟವರಿಗೆ, ಕ್ಯಾಬ್ ಓಡಿಸಿದವರಿಗೆ ಐದೇ ಒತ್ತಿ ಅಭ್ಯಾಸ ಆದವರು. ಅಲ್ಲಿ ನಾಲ್ಕು ಕೊಟ್ಟರೂ ಅವರಿಗೆ ತೊಂದರೆ ಅಂತ ನಮಗೆ ಗೊತ್ತು. ಆ ಅಭ್ಯಾಸವೇ ಪುಸ್ತಕಕ್ಕೂ ಬಂದಿದೆ. ಹಾಗಾಗಿ ‘ಇಷ್ಟವಾಯಿತು’ ಅನ್ನುವ ಮೂರು ಸ್ಟಾರ್ ನಮ್ಮ ಕಣ್ಣಿಗೆ ಫೇಲಾದ ಹಾಗೆ ಕಾಣುತ್ತದೆ. ಮೂಲ ಮತ್ತು ಅನುವಾದ ಎರಡನ್ನೂ ಗುಡ್‌ರೀಡ್ಸ್ ಒಂದೇ ಕೃತಿ ಅಂತ ಲೆಕ್ಕಕ್ಕೆ ತೆಗೆದುಕೊಂಡು ಎಲ್ಲರ ಸ್ಟಾರ್ ಸೇರಿಸಿ ಒಂದೇ ಸರಾಸರಿ ತೋರಿಸುತ್ತದೆ ಅನ್ನುವುದನ್ನೂ ಗಮನಿಸಿ. ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದಿಂದ ಜಗತ್ತಿಗೆಲ್ಲ ಹೋಯಿತು. ಅಂಥ ಪುಸ್ತಕದ ಪುಟದಲ್ಲಿ ಕಾಣುವ ಅಂಕಿ ಬಹುಮಟ್ಟಿಗೆ ಇಂಗ್ಲಿಷ್‌ನಲ್ಲಿ ಓದಿದವರದು. ಕನ್ನಡದಲ್ಲಿ ಓದಿದವರಿಗೆ ಹೇಗನ್ನಿಸಿತು ಅನ್ನುವುದನ್ನು ಅದರಲ್ಲಿ ಬಿಡಿಸಿ ನೋಡಲು ಆಗುವುದಿಲ್ಲ.

ಈಗ ಜಗಳಗಳ ಬಗ್ಗೆ. ಈ ತಾಣದ ಚರಿತ್ರೆಯಲ್ಲಿ ಇವು ಸಣ್ಣ ವಿಷಯಗಳಲ್ಲ. ಸ್ಟಾರ್‌ಗಳನ್ನು ಎಷ್ಟು ನಂಬಬೇಕು ಅನ್ನುವುದು ಇವುಗಳಿಂದಲೇ ತಿಳಿಯುತ್ತದೆ.

2013ರ ಸೆಪ್ಟೆಂಬರ್‌ನಲ್ಲಿ ಗುಡ್‌ರೀಡ್ಸ್ ಒಂದು ನಿಯಮ ತಂದಿತು. ಪುಸ್ತಕದ ಬಗ್ಗೆ ಬರೆಯದೆ ಲೇಖಕರ ನಡತೆ ಬಗ್ಗೆ ಬರೆದ ವಿಮರ್ಶೆಗಳನ್ನು ಅಳಿಸಿಹಾಕಿತು. ನಮ್ಮ ಬರಹವನ್ನು ನಮಗೆ ಹೇಳದೆಯೇ ತೆಗೆದಿರಿ ಅಂತ ಓದುಗರು ಸಿಟ್ಟಾದರು, ಅಮೆಜಾನ್ ಕೈಗೆ ಹೋದ ಆರೇ ತಿಂಗಳಲ್ಲಿ ಹೀಗಾಯಿತು ಅಂತ ಅನುಮಾನವೂ ಹುಟ್ಟಿತು. ಮಾರನೇ ವರ್ಷ, 2014ರಲ್ಲಿ, ಕ್ಯಾಥ್ಲೀನ್ ಹೇಲ್ ಅನ್ನುವ ಅಮೆರಿಕದ ಲೇಖಕಿ ತಮ್ಮ ಪುಸ್ತಕಕ್ಕೆ ಒಂದು ಸ್ಟಾರ್ ಕೊಟ್ಟವರ ವಿಳಾಸ ಪತ್ತೆ ಮಾಡಿ ಅವರ ಮನೆ ಬಾಗಿಲಿಗೇ ಹೋದರು. ಅದನ್ನು ಸ್ವತಃ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದುಕೊಂಡರು. ಓದಿದಾಗ ನನಗೆ ಭಯವೇ ಆಯಿತು. ಪುಸ್ತಕ ಹಿಡಿಸಲಿಲ್ಲ ಅಂತ ಬರೆದ ಓದುಗರೊಬ್ಬರು ಇಷ್ಟನ್ನು ಎದುರಿಸಬೇಕಾ?

2023 ಇನ್ನೂ ಕೆಟ್ಟ ವರ್ಷ. ಜೂನ್‌ನಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ‘ದಿ ಸ್ನೋ ಫಾರೆಸ್ಟ್’ ಅನ್ನುವ ಕಾದಂಬರಿ ಬರುತ್ತದೆ ಅಂತ ಪ್ರಕಟಿಸಿದರು. ಕಥೆ ನಡೆಯುವುದು ರಷ್ಯಾದಲ್ಲಿ. ಉಕ್ರೇನ್ ಯುದ್ಧದ ಸಮಯದಲ್ಲಿ ಇಂಥ ಪುಸ್ತಕವೇ ಅಂತ ಕೆಲವೇ ದಿನಗಳಲ್ಲಿ 500ಕ್ಕೂ ಹೆಚ್ಚು ಒಂದು ಸ್ಟಾರ್ ಬಿದ್ದವು. ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ, ಆ ಸ್ಟಾರ್ ಒತ್ತಿದವರು ಓದಿರಲು ಸಾಧ್ಯವೇ ಇರಲಿಲ್ಲ. ಗಿಲ್ಬರ್ಟ್ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರು. ಉಕ್ರೇನ್ ಜನರ ನೋವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಓದುಗರ ತಾಣದಲ್ಲಿ ಓದದವರ ಸ್ಟಾರ್‌ಗೂ ಓದಿದವರ ಸ್ಟಾರ್‌ಗೂ ಒಂದೇ ತೂಕ ಇರುವುದು ಸರಿಯಲ್ಲ. ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಹಗರಣ. ಮೊದಲ ಪುಸ್ತಕ ಹೊರಬರಲಿದ್ದ ಲೇಖಕರೊಬ್ಬರು ಸುಳ್ಳು ಖಾತೆಗಳನ್ನು ತೆರೆದು ಬೇರೆ ಹೊಸ ಲೇಖಕರ ಪುಸ್ತಕಗಳಿಗೆ ಒಂದು ಸ್ಟಾರ್, ತಮ್ಮದಕ್ಕೆ ಐದು ಕೊಟ್ಟುಕೊಂಡಿದ್ದು ಬಯಲಾಯಿತು. ಪ್ರಕಾಶಕರು ಆ ಪುಸ್ತಕವನ್ನೇ ಕೈಬಿಟ್ಟರು.

ಇದೆಲ್ಲ ಹೇಗೆ ಸಾಧ್ಯ ಅಂದರೆ, ಒಂದು ಇಮೇಲ್ ಇದ್ದರೆ ಖಾತೆ ತೆರೆಯಬಹುದು. ಕೊಂಡಿದ್ದಕ್ಕೆ ಪುರಾವೆ ಬೇಡ. ಪುಸ್ತಕ ಬಿಡುಗಡೆಯಾಗುವ ಮೊದಲೇ ಸ್ಟಾರ್ ಕೊಡಬಹುದು, ಏಕೆಂದರೆ ವಿಮರ್ಶಕರಿಗೆ ಪ್ರಕಾಶಕರು ಮುಂಗಡ ಪ್ರತಿ ಕಳಿಸುತ್ತಾರೆ, ಅವರಿಗಾಗಿ ಆ ಬಾಗಿಲು ತೆರೆದಿಟ್ಟಿದ್ದಾರೆ. ಗಲಾಟೆ ಆದಾಗ ಒಂದು ಪುಸ್ತಕದ ರೇಟಿಂಗನ್ನು ಸ್ವಲ್ಪ ಕಾಲ ತಡೆಹಿಡಿಯುವ ವ್ಯವಸ್ಥೆಯನ್ನು 2023ರ ಕೊನೆಯಲ್ಲಿ ತಂದರು. ಹದಿನಾರು ವರ್ಷ ಬೇಕಾಯಿತು ಅಷ್ಟಕ್ಕೆ.

ಕನ್ನಡದಲ್ಲಿ ನಮ್ಮ ಕಷ್ಟ ಇದರ ಉಲ್ಟಾ. ಇಲ್ಲಿ ಒಂದು ಸ್ಟಾರ್‌ನ ದಾಳಿಗಿಂತ ಐದು ಸ್ಟಾರ್‌ನ ದಾಕ್ಷಿಣ್ಯ ಜಾಸ್ತಿ. ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಬಿಡುಗಡೆ, ತಿಂಡಿ, ಭಾಷಣ, ಫೋಟೋ. ಲೇಖಕರು, ಪ್ರಕಾಶಕರು, ಮುನ್ನುಡಿ ಬರೆದವರು, ಓದುಗರು ಎಲ್ಲ ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿರುತ್ತಾರೆ. ಎದುರು ಸಿಕ್ಕಾಗ ಮುಖ ನೋಡಬೇಕಲ್ವಾ? ಹಾಗಾಗಿ ‘ಅದ್ಭುತ’, ‘ಕಾಡುವ ಕಥೆಗಳು’ ಅಂತ ಬರೆದು ಐದು ಒತ್ತುತ್ತಾರೆ. ಹತ್ತು ಹನ್ನೆರಡು ಜನ ಹೀಗೆ ಒತ್ತಿದರೆ 4.7 ಆಯಿತು. ನೂರಾರು ಜನ ಓದಿ, ಕೆಲವರು ಮೆಚ್ಚಿ, ಕೆಲವರು ಬೈದು, 4.1ಕ್ಕೆ ನಿಂತ ಹಳೆಯ ಕಾದಂಬರಿ ಅದರ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ದಯವಿಟ್ಟು ಸ್ಟಾರ್ ಪಕ್ಕದಲ್ಲಿರುವ ಜನರ ಸಂಖ್ಯೆ ನೋಡಿ. ಮೂರು ಸ್ಟಾರ್ ಕೊಟ್ಟು ನಾಲ್ಕು ಸಾಲು ಬರೆದವರನ್ನು ಮೊದಲು ಓದಿ. ಮುಲಾಜಿಲ್ಲದೆ ಓದಿದವರು ಅಲ್ಲೇ ಸಿಗುತ್ತಾರೆ.

ಪಕ್ಷ ಕಟ್ಟಿಕೊಂಡು ಸ್ಟಾರ್ ಕೊಡುವ ಕಾಯಿಲೆ ನಮ್ಮಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. 2007ರಲ್ಲಿ ಎಸ್. ಎಲ್. ಭೈರಪ್ಪನವರ ಆವರಣ ಬಂದಾಗ ಬಿಡುಗಡೆಗೆ ಮುಂಚೆಯೇ ಪ್ರತಿಗಳು ಖಾಲಿಯಾದವು, ಪರ ವಿರೋಧದ ಚರ್ಚೆ ಪತ್ರಿಕೆಗಳಲ್ಲಿ ಬಿಸಿಬಿಸಿಯಾಗಿ ನಡೆಯಿತು. ಯಾರ ಪರ ನಿಂತರೂ ಅಲ್ಲಿ ಬರೆಯುವವರು ಹೆಸರು ಹಾಕಿ, ಕಾರಣ ಕೊಟ್ಟು ಬರೆಯಬೇಕಿತ್ತು. ಈಗ ಕಾರಣ ಬೇಡ, ಬೆರಳು ಸಾಕು.

ಇನ್‌ಸ್ಟಾಗ್ರಾಂನ ಪುಸ್ತಕ ರೀಲ್‌ಗಳನ್ನೂ ಇಲ್ಲೇ ಸೇರಿಸುತ್ತೇನೆ. ಪ್ರಾಮಾಣಿಕವಾಗಿ ಓದಿ ಹೇಳುವ ಹುಡುಗರಿದ್ದಾರೆ, ಅವರಿಂದ ನನಗೆ ಒಳ್ಳೆಯ ಪುಸ್ತಕಗಳು ಸಿಕ್ಕಿವೆ. ಆದರೆ ಒಂದು ಪೇಜ್ ‘ಅತ್ತುಬಿಟ್ಟೆ’ ಅಂತ ಹೇಳಿದ್ದನ್ನು ಕೇಳಿ ಕೊಂಡ ಕಾದಂಬರಿಯಲ್ಲಿ ಪುಟಪುಟಕ್ಕೂ ಕಾಗುಣಿತದ ತಪ್ಪು, ಪಾತ್ರದ ಹೆಸರೇ ನಡುವೆ ಬದಲಾಗಿತ್ತು. ಆಮೇಲೆ ತಿಳಿಯಿತು, ಆ ರೀಲ್‌ಗೆ ದುಡ್ಡು ಹೋಗಿತ್ತು. ದುಡ್ಡು ಪಡೆದು ಮಾಡಿದ್ದರೆ ಜಾಹೀರಾತು ಅಂತ ಕಾಣುವ ಹಾಗೆ ಹಾಕಬೇಕು ಅಂತ ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ. ಆನ್‌ಲೈನ್ ವಿಮರ್ಶೆಗಳಿಗೆ ಅಂತಲೇ ಭಾರತೀಯ ಮಾನಕ ಸಂಸ್ಥೆ ಬಿಐಎಸ್ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡ ತಂದಿತು. ಪುಸ್ತಕ ಉಚಿತವಾಗಿ ಬಂದಿದ್ದರೆ ಹಾಗೆಂದು ಒಂದು ಸಾಲು ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

ಕೊಳ್ಳುವ ವಿಷಯಕ್ಕೆ ಬಂದರೆ, ಮೊದಲು ಹೇಳಿದ ಮಾಲೀಕತ್ವದ ಮಾತು ಇಲ್ಲಿ ಮುಖ್ಯ. ಗುಡ್‌ರೀಡ್ಸ್ ಪುಟದಿಂದ ಕೊಳ್ಳುವ ದಾರಿ ಮುಖ್ಯವಾಗಿ ಅಮೆಜಾನ್ ಮತ್ತು ಅದರದೇ ಇ-ಪುಸ್ತಕ ಸೇವೆಯಾದ ಕಿಂಡಲ್ ಕಡೆಗೆ. ಕಿಂಡಲ್‌ನಲ್ಲಿ ಓದಿ ಮುಗಿಸಿದರೆ ಅಲ್ಲೇ ಸ್ಟಾರ್ ಕೇಳುತ್ತದೆ, ಅದು ಗುಡ್‌ರೀಡ್ಸ್‌ಗೆ ಹೋಗುತ್ತದೆ. ಆದರೆ 2016ರಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತದ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಬರಲಿಲ್ಲ. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಕಚೇರಿ ಇಟ್ಟುಕೊಂಡ ಕಂಪನಿ ಇದು. ಗುಡ್‌ರೀಡ್ಸ್‌ನಲ್ಲಿ ಕನ್ನಡ ಪುಸ್ತಕಗಳಿಗೆ ಜನ ಕಡಿಮೆ ಇರಲು ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಇ-ಪುಸ್ತಕ, ಆಡಿಯೋ ಬೇಕು ಅಂದರೆ ಮೈಲ್ಯಾಂಗ್ ಆ್ಯಪ್ ಇದೆ, ಬಳಸಿ. ಟೆಲಿಗ್ರಾಂನಲ್ಲಿ ಹರಿದಾಡುವ ಪಿಡಿಎಫ್ ಬೇಡ. ಕೆಲವು ನೂರು ಪ್ರತಿ ಅಚ್ಚು ಹಾಕಿಸುವ ಸಣ್ಣ ಪ್ರಕಾಶಕರಿಗೆ ಒಂದು ಪಿಡಿಎಫ್ ಸಾಕು, ಎರಡನೇ ಮುದ್ರಣ ನಿಂತುಹೋಗುತ್ತದೆ.

ನಾನು ಕನ್ನಡ ಪುಸ್ತಕ ಕೊಳ್ಳುವುದು ಹೆಚ್ಚಾಗಿ ಗಾಂಧಿ ಬಜಾರಿನ ಅಂಕಿತದಲ್ಲಿ, ಗಾಂಧಿನಗರದ ಸಪ್ನಾದಲ್ಲಿ, ನವಕರ್ನಾಟಕದಲ್ಲಿ. ಕಪಾಟಿನ ಮುಂದೆ ನಿಂತು ನಡುವಿನ ಒಂದು ಪುಟ ತೆರೆದು ಓದುತ್ತೇನೆ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿ ಬರೆದಿರುತ್ತಾರೆ, ನಡುವಿನದು ಮೋಸ ಮಾಡುವುದಿಲ್ಲ. ಇಂಥ ಲೇಖಕರು ಇಷ್ಟ ಅಂತ ಅಂಗಡಿಯವರಿಗೆ ಹೇಳಿದರೆ ‘ಹಾಗಿದ್ರೆ ಇದನ್ನು ನೋಡಿ ಸಾರ್’ ಅಂತ ತೆಗೆದುಕೊಡುತ್ತಾರೆ, ಆ ಸಲಹೆ ಯಾವ ಆ್ಯಪ್ ಕೂಡ ಕೊಟ್ಟಿಲ್ಲ. ನವೆಂಬರ್‌ನಲ್ಲಿ ರಿಯಾಯಿತಿ ಇರುತ್ತದೆ, ದೊಡ್ಡ ಪಟ್ಟಿ ಇದ್ದರೆ ಅಲ್ಲಿಯವರೆಗೆ ಕಾಯಿರಿ. ಸಣ್ಣ ಪ್ರಕಾಶಕರಿಂದ ವಾಟ್ಸ್ಆ್ಯಪ್‌ನಲ್ಲೇ ತರಿಸಿಕೊಳ್ಳಬಹುದು. ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಒಂದೇ ಪುಸ್ತಕ ತರಿಸುವುದು ದುಬಾರಿಯಾಗಿತ್ತು, ಅಂಚೆ ಖರ್ಚು ಜಾಸ್ತಿ ಅನ್ನಿಸಿದರೆ ನಾಲ್ಕೈದು ಜನ ಸೇರಿ ಒಟ್ಟಿಗೆ ಹಣ ಹಾಕಿ ತರಿಸಿ.

ಬೇರೆ ಆಯ್ಕೆ? ನಾದಿಯಾ ಓಡುನಾಯೋ ಕಟ್ಟಿದ ಸ್ಟೋರಿಗ್ರಾಫ್ ಅನ್ನುವ ಓದುಗರ ತಾಣ ಚೆನ್ನಾಗಿದೆ. ಅಲ್ಲಿ ಕಾಲು ಸ್ಟಾರ್ ಕೂಡ ಕೊಡಬಹುದು, ಅಮೆಜಾನ್ ಹಿಡಿತ ಇಲ್ಲ, ಗುಡ್‌ರೀಡ್ಸ್‌ನಿಂದ ನಿಮ್ಮ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಂಡು ಅಲ್ಲಿಗೆ ಹಾಕಬಹುದು. ಕನ್ನಡ ಪುಸ್ತಕ ಮಾತ್ರ ಅಲ್ಲಿ ಇನ್ನೂ ಕಡಿಮೆ. ಹೊಸ ಕನ್ನಡ ಪುಸ್ತಕ ಯಾವುದು ಬಂತು, ಯಾರು ಬರೆದರು ಅನ್ನುವುದಕ್ಕೆ ಕನ್ನಡ ಪುಸ್ತಕಗಳ ಜಾಲತಾಣ ಬುಕ್ ಬ್ರಹ್ಮ ನೋಡಿ.

ನನ್ನ ಅಂಕ ಹೀಗಿದೆ. ಓದಿನ ಲೆಕ್ಕ ಇಡಲು ಐದಕ್ಕೆ ನಾಲ್ಕು, ಇಂಗ್ಲಿಷ್ ಪುಸ್ತಕ ಆರಿಸಲು ಮೂರು, ಕನ್ನಡ ಪುಸ್ತಕ ಆರಿಸಲು ಎರಡು. ಆ ಎರಡನ್ನು ಮೂರು ಮಾಡುವುದು ನಮ್ಮ ಕೈಯಲ್ಲೇ ಇದೆ ಅನ್ನುವ ಕಾರಣಕ್ಕೇ ನಾನು ಅಲ್ಲಿಂದ ಹೊರಗೆ ಬಂದಿಲ್ಲ. ಹನ್ನೆರಡು ಜನ ಇರುವ ಪುಟದಲ್ಲಿ ಹದಿಮೂರನೆಯವರು ಕನ್ನಡದಲ್ಲಿ, ಕಾರಣ ಕೊಟ್ಟು, ನಾಲ್ಕು ಸಾಲು ಬರೆದರೆ ಆ ಪುಟವೇ ಬದಲಾಗುತ್ತದೆ. ನಿಮ್ಮ ಖಾತೆಯಲ್ಲಿ 50 ಪುಸ್ತಕ ಇದ್ದರೆ ಗುಡ್‌ರೀಡ್ಸ್ ಲೈಬ್ರೇರಿಯನ್ ಆಗಲು ಅರ್ಜಿ ಹಾಕಬಹುದು, ಆಮೇಲೆ ಒಡೆದುಹೋದ ಪುಸ್ತಕಗಳನ್ನು ಒಂದು ಮಾಡಬಹುದು, ಮುಖಪುಟ ಹಾಕಬಹುದು, ಹೆಸರನ್ನು ಕನ್ನಡ ಲಿಪಿಗೆ ತರಬಹುದು. ಕನ್ನಡ ಬಲ್ಲ ಲೈಬ್ರೇರಿಯನ್‌ಗಳು ತುಂಬಾ ಜನ ಬೇಕು. ಮೊದಲು ನಿಮ್ಮ ಮನೆಯ ಕಪಾಟಿನಲ್ಲಿರುವ ಹಳೆಯ ಕಥಾಸಂಕಲನಗಳಿಂದ ಶುರು ಮಾಡಿ, ಅವುಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಅಲ್ಲಿ ಇನ್ನೂ ಪುಟವೇ ಇಲ್ಲ.