ರಕ್ತ, ಮೂತ್ರ, ಗಾಳಿ: ಯಾವ ಪರೀಕ್ಷೆ ಮಾಡಿಸೋದು?

ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ನಂಥ ವಿಷಕಾರಿ ವಸ್ತುಗಳ ಜೊತೆ ಕೆಲಸ ಮಾಡುವವರ ಮೈಗೆ ಅದು ಎಷ್ಟು ಸೇರಿದೆ ಅಂತ ತಿಳಿಯಲು ಈ ಪರೀಕ್ಷೆಗಳು. ಸೀಸದ ಕೆಲಸವಾದರೆ ರಕ್ತ ಪರೀಕ್ಷೆಯೇ ಸರಿ. ಆದರೆ ರಕ್ತದಲ್ಲಿರುವ ಸೀಸ ಸುಮಾರು 30 ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಉಳಿಯುತ್ತದೆ. ಉದ್ದ ರಜೆ ಮುಗಿಸಿ ಬಂದವರ ರಿಪೋರ್ಟ್ ನೋಡಿ ಸುಮ್ನೆ ಖುಷಿಪಡಬೇಡಿ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. ವರ್ಷಗಳಿಂದ ಸೇರಿದ್ದರ ಲೆಕ್ಕಕ್ಕೆ ಮೂತ್ರ ಪರೀಕ್ಷೆ, ಇತ್ತೀಚೆಗೆ ಸೇರಿದ್ದಕ್ಕೆ ರಕ್ತ ಪರೀಕ್ಷೆ. ಆರ್ಸೆನಿಕ್‌ಗೂ ಮೂತ್ರವೇ, ಸೂಜಿಯ ಕಾಟವಿಲ್ಲ. ಆದರೆ ಹಿಂದಿನ ಮೂರ್ನಾಲ್ಕು ದಿನದಲ್ಲಿ ಸಮುದ್ರದ ಮೀನು ತಿಂದಿದ್ದರೆ ಅಂಕಿ ಜಾಸ್ತಿ ಬರಬಹುದು, ಲ್ಯಾಬಿನವರಿಗೆ ಮೊದಲೇ ಹೇಳಿಬಿಡಿ.

ಕಾಲರ್‌ಗೆ ಫಿಲ್ಟರ್ ಸಿಕ್ಕಿಸಿ, ಸೊಂಟಕ್ಕೆ ಪಂಪ್ ಕಟ್ಟಿ ಮಾಡುವ ಗಾಳಿ ಪರೀಕ್ಷೆ ಬೇರೆ ಥರ. ಯಾವ ಕೆಲಸದಲ್ಲಿ ಹೊಗೆ, ದೂಳು ಜಾಸ್ತಿ ಅಂತ ಅದು ತೋರಿಸುತ್ತದೆ. ಕೈ ತೊಳೆಯದೆ ಉಂಡಾಗ ಒಳಹೋದ ಸೀಸ ಅದಕ್ಕೆ ಸಿಗಲ್ಲ, ಅಲ್ವಾ? ಹೊಸ ಯಂತ್ರ ಬಂದಿದ್ದರೆ ಗಾಳಿಯಿಂದ ಶುರು ಮಾಡಿ. ವರ್ಷಗಳಿಂದ ಅದೇ ಕೆಲಸದಲ್ಲಿರುವವರಿಗೆ ರಕ್ತ, ಮೂತ್ರದ ಪರೀಕ್ಷೆ ತಪ್ಪಿಸಬೇಡಿ.