ಮೂಳೆ ಬೆಳೆಸುವ ಹೈಡ್ರೋಜೆಲ್ ಕಿಟ್: ಐದು ತಿಂಗಳ ಬಳಕೆಯ ನಂತರ

ಮೂಳೆಮಜ್ಜೆಯಿಂದ ಬೇರ್ಪಡಿಸಿದ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳನ್ನು) ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಹೈಡ್ರೋಜೆಲ್‌ನಲ್ಲಿ ಹುದುಗಿಸಿ ಮೂಳೆಯ ಅಂಗಾಂಶ ಬೆಳೆಸಲೆಂದು ಸಿದ್ಧರೂಪದಲ್ಲಿ ಸಿಗುವ ಕಿಟ್ ಒಂದನ್ನು ಐದು ತಿಂಗಳಿಂದ ಪ್ರಯೋಗಾಲಯದಲ್ಲಿ ಬಳಸುತ್ತಿದ್ದೇನೆ. ಇದು ಸಂಶೋಧನೆಗೆ ಮೀಸಲಾದ ಸಾಮಗ್ರಿ, ರೋಗಿಯ ದೇಹಕ್ಕೆ ಹಾಕುವಂಥದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲಿನ ತೊಡೆಮೂಳೆಯ ಚಿತ್ರ ನೋಡಿದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಜೆಲ್ ಚೆನ್ನಾಗಿದೆ. ಕೈಪಿಡಿಯನ್ನು ನಂಬಿ ನಡೆದರೆ ಮಾತ್ರ ಕಷ್ಟ.

ಕಿಟ್‌ನಲ್ಲಿ ಮೂರು ಸೀಸೆಗಳಿವೆ: ಮೆಥಾಕ್ರಿಲೇಟ್ ಸೇರಿಸಿದ ಜೆಲಾಟಿನ್, ಬೆಳಕು ಬಿದ್ದೊಡನೆ ಜೆಲಾಟಿನ್ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಕ್ರಿಯೆಗೆ ಚಾಲನೆ ಕೊಡುವ ಪುಡಿ ಮತ್ತು ಹೈಡ್ರಾಕ್ಸಿಅಪಟೈಟ್‌ನ ಅತಿಸೂಕ್ಷ್ಮ ಕಣಗಳು. ಆಯ್ಕೆ ವಿವೇಕದ್ದೇ, ಮೂಳೆಯ ಚೌಕಟ್ಟಾದ ಕೊಲಾಜೆನ್‌ನಿಂದಲೇ ಜೆಲಾಟಿನ್ ತಯಾರಾಗುತ್ತದೆ, ಹೈಡ್ರಾಕ್ಸಿಅಪಟೈಟ್ ಮೂಳೆಯ ಖನಿಜವನ್ನು ಬಹುಮಟ್ಟಿಗೆ ಹೋಲುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಕೋಶಗಳನ್ನು ಬೆರೆಸಿ, 405 ನ್ಯಾನೋಮೀಟರಿನ ನೇರಳೆ ಬೆಳಕಿನಡಿ ಅರ್ಧ ನಿಮಿಷ ಇಟ್ಟರೆ ದ್ರವವು ಗಟ್ಟಿಯಾಗಿ, ಚಿಮಟದಲ್ಲಿ ಎತ್ತಿದರೆ ಒದ್ದೆ ಕಾಂಟ್ಯಾಕ್ಟ್ ಲೆನ್ಸಿನಂತೆ ನಡುಗುವ ಬಿಲ್ಲೆಯಾಗುತ್ತದೆ. ಪಿಪೆಟ್ಟಿನಲ್ಲಿ ಅವಸರ ಮಾಡಿದರೆ ಗುಳ್ಳೆಗಳು ಒಳಗೇ ಉಳಿಯುತ್ತವೆ. ಮೊದಲ ವಾರದ ಬಿಲ್ಲೆಗಳನ್ನೆಲ್ಲ ನಾನು ಹೀಗೇ ಕಳೆದುಕೊಂಡೆ. ಕೋಶಗಳ ಉಳಿವಿನ ಬಗ್ಗೆ ಆಕ್ಷೇಪವಿಲ್ಲ: ಮರುದಿನ ಬಣ್ಣ ಹಾಕಿ ನೋಡಿದಾಗ ಸತ್ತ ಕೋಶಗಳ ಕೆಂಪು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಕಂಡವು, ಉಳಿದದ್ದೆಲ್ಲ ಜೀವಂತ ಕೋಶಗಳ ಹಸಿರು.

ನನ್ನ ದೊಡ್ಡ ತಕರಾರು ಅಲಿಜರಿನ್ ಕೆಂಪಿನ ಪರೀಕ್ಷೆಯದು. ಡೆಕ್ಸಾಮೆಥಾಸೋನ್, ಆಸ್ಕಾರ್ಬಿಕ್ ಆಮ್ಲ ಮತ್ತು ಬೀಟಾ ಗ್ಲಿಸೆರೊಫಾಸ್ಫೇಟ್ ಇರುವ, ಕೋಶಗಳನ್ನು ಮೂಳೆಯ ಕಡೆಗೆ ತಿರುಗಿಸುವ ಪೋಷಕ ದ್ರವದಲ್ಲಿ 21 ದಿನ ಬೆಳೆಸಿ, ಈ ಬಣ್ಣ ಹಾಕಿ, ಬಿಲ್ಲೆ ಕೆಂಪಾದರೆ ಖನಿಜ ಕೂಡಿದೆ ಎಂದು ತಿಳಿಯಿರಿ ಎನ್ನುತ್ತದೆ ಕೈಪಿಡಿ. ಬಿಲ್ಲೆ ನಿಜಕ್ಕೂ ಕಡುಗೆಂಪಾಯಿತು, ನಾನೂ ಹಿಗ್ಗಿದೆ. ಅನುಮಾನಕ್ಕೆಂದು ಒಂದೇ ಒಂದು ಕೋಶವೂ ಇಲ್ಲದ ಬಿಲ್ಲೆಗೆ ಅದೇ ಬಣ್ಣ ಹಾಕಿದರೆ ಅದೂ ಅಷ್ಟೇ ಕೆಂಪಾಯಿತು! ಅಲಿಜರಿನ್ ಹಿಡಿಯುವುದು ಕ್ಯಾಲ್ಸಿಯಮ್ಮನ್ನು. ಆ ಕ್ಯಾಲ್ಸಿಯಮ್ ಕೋಶ ಕೂಡಿಸಿದ್ದೋ ಮೂರನೆಯ ಸೀಸೆಯಿಂದ ನಾವೇ ಸುರಿದದ್ದೋ ಎಂದು ಅದು ಕೇಳುವುದಿಲ್ಲ. ಕೋಶರಹಿತ ಹೋಲಿಕೆಯ ಬಿಲ್ಲೆ ಕಡ್ಡಾಯವೆಂಬ ಒಂದು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು. ಈಗ ನಾನು ಕೋಶಗಳು ಮೂಳೆಕೋಶಗಳಾಗುತ್ತಿರುವುದರ ಗುರುತುಗಳಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನೂ ಆಸ್ಟಿಯೊಕ್ಯಾಲ್ಸಿನ್ ಜೀನಿನ ಚಟುವಟಿಕೆಯನ್ನೂ ಅಳೆಯದೆ ಏನನ್ನೂ ಬರೆದುಕೊಳ್ಳುವುದಿಲ್ಲ. ಆ ಅಳತೆಗಳಲ್ಲೂ ಫಲಿತಾಂಶ ಒಳ್ಳೆಯದೇ, ಆದರೆ ಆ ಕಡುಗೆಂಪಿನಷ್ಟು ಅಬ್ಬರದ್ದಲ್ಲ.

ಜೆಲ್‌ನ ಬಿಗುವಿನ ವಿಚಾರದಲ್ಲೂ ಕೈಪಿಡಿ ಜಿಪುಣತನ ತೋರಿದೆ. ಕಾಂಡಕೋಶವು ತಾನು ಕೂತ ನೆಲ ಎಷ್ಟು ಗಟ್ಟಿ ಎಂಬುದನ್ನು ಗ್ರಹಿಸಿ ತನ್ನ ದಾರಿ ಆರಿಸಿಕೊಳ್ಳುತ್ತದೆಂದೂ, ಸುಮಾರು 25ರಿಂದ 40 ಕಿಲೋಪಾಸ್ಕಲ್ ಬಿಗುವಿನಲ್ಲಿ ಮೂಳೆಯ ಕಡೆಗೆ ವಾಲುತ್ತದೆಂದೂ 2006ರಲ್ಲೇ ಪ್ರಯೋಗಗಳು ತೋರಿಸಿವೆ. ಬೆಳಕಿನ ಅವಧಿಗೆ ತಕ್ಕಂತೆ ಬಿಗುವು ಹೇಗೆ ಬದಲಾಗುತ್ತದೆಂಬ ಕೋಷ್ಟಕವನ್ನೇ ಕೊಡದೆ ಒಂದೇ ಅಂಕಿಯಲ್ಲಿ ಮುಗಿಸಿರುವುದರಿಂದ ಅದನ್ನು ನಾವೇ ಅಳೆದುಕೊಳ್ಳಬೇಕಾಯಿತು.

ದಪ್ಪದ ಮಿತಿಯನ್ನೂ ಗಮನಿಸಬೇಕು. ಜೀವಂತ ಅಂಗಾಂಶದಲ್ಲಿ ಆಮ್ಲಜನಕ, ಪೋಷಕಾಂಶ ಸಿಗುವಂತೆ ಬಹುತೇಕ ಕೋಶಗಳು ರಕ್ತನಾಳದಿಂದ 100ರಿಂದ 200 ಮೈಕ್ರೋಮೀಟರ್ ಒಳಗೇ ಇರುತ್ತವೆ, ಈ ಜೆಲ್‌ನಲ್ಲಿಯೋ ನಾಳವೇ ಇಲ್ಲ. ಒಂದು ಮಿಲಿಮೀಟರಿನ ಬಿಲ್ಲೆಗಳು ಸೊಗಸಾಗಿ ಬೆಳೆದವು. ನಾಲ್ಕು ಮಿಲಿಮೀಟರಿನದನ್ನು ಮೂರನೆಯ ವಾರ ಅಡ್ಡಲಾಗಿ ಕತ್ತರಿಸಿದಾಗ ಅಂಚಿನಲ್ಲಿ ಕೋಶಗಳ ದಟ್ಟ ಉಂಗುರವಿತ್ತು, ನಡುವೆ ಬರಿದು. ಗಟ್ಟಿಮೂಳೆಯ ಬಿಗುವನ್ನು ಗಿಗಾಪಾಸ್ಕಲ್‌ಗಳಲ್ಲಿ ಲೆಕ್ಕ ಹಾಕುವಾಗ ಭಾರ ಹೊರುವ ಮಾತನ್ನಂತೂ ಈ ಜೆಲ್‌ನ ಮುಂದೆ ಎತ್ತುವಂತಿಲ್ಲ.

ತೆಳುವಾದ ಬಿಲ್ಲೆಗಳಲ್ಲಿ ಕೋಶಗಳ ವರ್ತನೆಯನ್ನು ಅಭ್ಯಾಸ ಮಾಡುವವರು ನಿಶ್ಚಿಂತೆಯಿಂದ ಕೊಳ್ಳಬಹುದು. ಖನಿಜದ ಸೀಸೆಯಿಲ್ಲದೆಯೂ ಕಿಟ್ ಸಿಗುತ್ತದೆ ಎಂಬುದು ನನಗೆ ತಿಳಿದದ್ದು ದೂರು ಬರೆದ ಮೇಲೆ. ಎರಡನೆಯ ಸಲ ಅದನ್ನೇ ತರಿಸಿದ್ದೇನೆ.